ಒರಳುಕಲ್ಲು, ವಿಡಿಯೊ, ಕ್ಯಾನ್ವಾಸ್ ಎಲ್ಲ ಒಂದೇ ಸೂರಿನಡಿ: ಕೊಚ್ಚಿ ಬಿನಾಲೆಯಂಥ ಪ್ರದರ್ಶನವನ್ನು ನೋಡುವ ಕ್ರಮ ಯಾವುದು?

ಪ್ರಶ್ನೆ: ಹೇಮಾವತಿ_ತೀರ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ಚಿತ್ರಕಲೆಯಲ್ಲಿ ನನಗೆ ಯಾವ ತರಬೇತಿಯೂ ಇಲ್ಲ. ನಮ್ಮೂರಿನ ಓದುಗರ ಬಳಗದವರು ಮುಂದಿನ ಕೊಚ್ಚಿ-ಮುಝಿರಿಸ್ ಬಿನಾಲೆಗೆ, ಅಂದರೆ ಕೇರಳದ ಕೊಚ್ಚಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನಕ್ಕೆ, ಹೋಗಿಬರಬೇಕೆಂದು ಮಾತಾಡಿಕೊಳ್ಳುತ್ತಿದ್ದಾರೆ. 2012ರ ಮೊದಲ ಬಿನಾಲೆಯನ್ನು ನೋಡಿದವನು ಬಳಗದಲ್ಲಿ ನಾನೊಬ್ಬನೇ ಆದ್ದರಿಂದ, ಅಲ್ಲಿ ಏನೇನಿರುತ್ತದೆ, ಹೇಗೆ ನೋಡಬೇಕು ಎಂದು ವಿವರಿಸುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ.

ವಿವರಿಸಲು ಕುಳಿತಾಗ ನನ್ನಲ್ಲೇ ಸ್ಪಷ್ಟತೆ ಇಲ್ಲವೆಂಬುದು ತಿಳಿಯಿತು. ಒಬ್ಬ ಕಲಾವಿದರ ಏಕವ್ಯಕ್ತಿ ಪ್ರದರ್ಶನವಾದರೆ ಮೊದಲ ನಾಲ್ಕು ಚಿತ್ರ ನೋಡುವಷ್ಟರಲ್ಲಿ ಅವರ ಬಣ್ಣ, ರೇಖೆ, ಧೋರಣೆಗಳು ಕಣ್ಣಿಗೆ ಹಿಡಿಯುತ್ತವೆ, ಮುಂದಿನದನ್ನು ಆ ಬಲದ ಮೇಲೆ ನೋಡಬಹುದು. ಆದರೆ ಹತ್ತಾರು ಕಲಾವಿದರು ಕೂಡಿದ ಕಡೆ ಒಂದು ಕೋಣೆಯಲ್ಲಿ ತೈಲವರ್ಣ, ಮುಂದಿನದರಲ್ಲಿ ಕತ್ತಲೆ ಮತ್ತು ವಿಡಿಯೊ, ಅದರಾಚೆ ಬರಿಯ ಶಬ್ದ, ಇನ್ನೊಂದರಲ್ಲಿ ನೆಲದ ತುಂಬ ಕಲ್ಲು ಇರುವಾಗ, ಒಂದನ್ನು ನೋಡಿದ ಅಭ್ಯಾಸ ಮತ್ತೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕಲ್ಲು ಎಂದದ್ದಕ್ಕೆ ಕಾರಣವಿದೆ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ಉಗ್ರಾಣದಲ್ಲಿ ಆ ವರ್ಷ ಕಲಾವಿದರಾದ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಅವರು ಬೆಂಗಳೂರಿನಿಂದ ತರಿಸಿದ ಸುಮಾರು 170 ಒರಳುಕಲ್ಲುಗಳನ್ನು ಇರಿಸಿದ್ದರು, ‘ಸ್ಟಾಪ್‌ಓವರ್’ ಎಂದು ಅದರ ಹೆಸರು. ಅವುಗಳ ನಡುವೆ ನಿಂತಾಗ ನನಗೆ ಏನೋ ಆದದ್ದು ನಿಜ, ಆದರೆ ಏನಾಯಿತೆಂದು ಇಂದಿಗೂ ಹೇಳಲಾರೆ. ಬೆಂಗಳೂರಿನ ಕಾಲುದಾರಿಯ ಬದಿಯಲ್ಲಿ ಬಿದ್ದಿದ್ದಾಗ ಯಾರೂ ತಿರುಗಿ ನೋಡದ ಒರಳು ಕೊಚ್ಚಿಯ ಉಗ್ರಾಣದಲ್ಲಿ ಕಲಾಕೃತಿಯಾಗುವುದು ಹೇಗೆ, ಮತ್ತು ಪಕ್ಕದ ಕೋಣೆಯ ವಿಡಿಯೊಗೂ ಅದಕ್ಕೂ ಇರುವ ಸಂಬಂಧವನ್ನು ಪ್ರೇಕ್ಷಕನು ಹುಡುಕಬೇಕೋ ಬೇಡವೋ ಎಂಬುದು ನನ್ನ ಪ್ರಶ್ನೆ. ತಿಳಿದವರು ಸಾವಧಾನವಾಗಿ ಉತ್ತರಿಸಿದರೆ ಬಳಗದವರ ಮುಂದೆ ಓದುತ್ತೇನೆ.

ಉತ್ತರ: ಸುಣ್ಣದ_ಗೋಡೆ

ಪ್ರದರ್ಶನಗಳನ್ನು ಕಟ್ಟಿ ನಿಲ್ಲಿಸುವ ಕೆಲಸದಲ್ಲಿ ಬಹಳ ಕಾಲದಿಂದ ಇರುವುದರಿಂದ, ನಾನು ಕೃತಿಯನ್ನು ಮೊದಲು ನೋಡುವುದು ಅದರ ತೂಕ, ಅದು ಬಂದ ದಾರಿ, ಅದನ್ನು ಹಿಡಿದೆತ್ತಿದ ಕೈಗಳ ಲೆಕ್ಕದಲ್ಲಿ. ಇದು ವೃತ್ತಿಯ ಚಟವೆನ್ನಿ. ಆದರೂ ಬಗೆಬಗೆಯ ಮಾಧ್ಯಮಗಳ ಪ್ರದರ್ಶನಕ್ಕೆ ಹೋಗುವ ಹೊಸಬರಿಗೆ ನಾನು ಹೇಳುವುದು ಇದನ್ನೇ: ಇದರ ಅರ್ಥವೇನು ಎಂದು ಕೇಳುವ ಮೊದಲು ಇದು ಯಾವುದರಿಂದ ಆಗಿದೆ, ಇಲ್ಲಿಗೆ ಬರುವ ಮುಂಚೆ ಆ ವಸ್ತು ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಿ.

ನಿಮ್ಮ ಒರಳುಕಲ್ಲನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಬಾಗಿಲು, ಕಿಟಕಿ, ಕಬ್ಬಿಣ ಎಲ್ಲಕ್ಕೂ ಗಿರಾಕಿ ಸಿಗುತ್ತಾರೆ, ಒರಳಿಗೆ ಮಾತ್ರ ಸಿಗುವುದಿಲ್ಲ. ಮಿಕ್ಸಿ, ಗ್ರೈಂಡರ್‌ಗಳಿರುವ ಅಡುಗೆಮನೆಗೆ ಅದು ಬೇಡ, ಆದರೆ ಒಡೆದುಹಾಕಲು ಯಾರಿಗೂ ಮನಸ್ಸು ಬಾರದು. ಮದುವೆಯ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕಲ್ಲು ಅದು; ಅದರ ಗುಂಡನ್ನು ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿ ತೂಗಿದ್ದಾರೆ. ಆದ್ದರಿಂದ ಅದು ಮನೆಯೊಳಗೂ ಇರದೆ, ಕಸದ ಗಾಡಿಗೂ ಹೋಗದೆ, ರಸ್ತೆಬದಿಯ ಮರದ ಬುಡದಲ್ಲಿ ಕೂರುತ್ತದೆ. ಇಂಥ ಕಲ್ಲುಗಳನ್ನು ಕಲೆಹಾಕಿ ಲಾರಿಯಲ್ಲಿ ಹೇರಿ, ಶತಮಾನಗಳ ಕಾಲ ಮೆಣಸು ಹಡಗು ಹತ್ತಿದ ಬಂದರಿನ ಉಗ್ರಾಣಕ್ಕೆ ತಂದು ಇಳಿಸಿದರು ಎಂದರೆ, ಮಸಾಲೆಯನ್ನು ಜಗತ್ತಿಗೆ ಮಾರಿದ ಊರಿಗೆ ಮಸಾಲೆ ಅರೆದ ಕಲ್ಲು ಬಂದು ತಂಗಿತು ಎಂದಾಯಿತು. ಹೆಸರು ಹೇಳುವುದೂ ಅದನ್ನೇ: ಇದು ಅವುಗಳ ಕೊನೆಯ ನಿಲ್ದಾಣವಲ್ಲ, ದಾರಿಯಲ್ಲಿನ ತಂಗುದಾಣ. ಕಾಲುದಾರಿಯಲ್ಲಿ ಒಂದೊಂದೇ ಬಿದ್ದಿದ್ದಾಗ ಅದು ಯಾರೋ ಒಬ್ಬರ ಮನೆಯ ಕಥೆ. ನೂರಾರು ಕಲ್ಲು ಒಟ್ಟಿಗೆ ಕೂತಾಗ ಒಂದು ನಗರ ತನ್ನ ಅಡುಗೆಮನೆಗಳಿಗೆ ಏನು ಮಾಡಿತೆಂಬ ಕಥೆ. ನಿಮಗೆ ‘ಏನೋ ಆದದ್ದು’ ಅದಕ್ಕೇ ಇರಬೇಕೆಂದು ನನ್ನ ಊಹೆ.

ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತ ಶೀಲಾ ಗೌಡರು ಆರಂಭದಲ್ಲಿ ಚಿತ್ರಗಳನ್ನೇ ಬರೆಯುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸೆಗಣಿಯನ್ನು ಮಾಧ್ಯಮವಾಗಿ ತೆಗೆದುಕೊಂಡರು. ಮುಂದೆ ನೂರಕ್ಕೂ ಹೆಚ್ಚು ಸೂಜಿಗಳಿಗೆ ಉದ್ದುದ್ದದ ದಾರ ಪೋಣಿಸಿ, ಆ ದಾರಗಳನ್ನು ಒಟ್ಟಾಗಿಸಿ ಕುಂಕುಮ ಮತ್ತು ಅಂಟು ಸವರಿ, ಗೋಡೆಯಿಂದ ನೆಲಕ್ಕೆ ಹರಿದಾಡುವ ಕೆಂಪು ಹಗ್ಗವಾಗಿಸಿದರು. ದೂರದಿಂದ ಅದು ಗಾಳಿಯಲ್ಲಿ ಎಳೆದ ಒಂದು ಗೆರೆ, ಹತ್ತಿರ ಹೋದರೆ ತುದಿಯಲ್ಲಿ ಗೊಂಚಲಾಗಿ ತೂಗುವ ಸೂಜಿಗಳು. 2009ರ ವೆನಿಸ್ ಬಿನಾಲೆಯಲ್ಲಿ ಅವರು ಇರಿಸಿದ ‘ಬಿಹೋಲ್ಡ್’ ಕೃತಿಯಲ್ಲಿ ತಲೆಗೂದಲಿನಿಂದ ಹೊಸೆದ ಹಗ್ಗ ಕಿಲೋಮೀಟರುಗಟ್ಟಲೆ ಇದ್ದು, ಅದರಿಂದ ಕಾರುಗಳ ಉಕ್ಕಿನ ಬಂಪರುಗಳು ತೂಗುತ್ತಿದ್ದವು. ವೆನಿಸ್ಸಿನವರಿಗೆ ಅದು ಮೃದು ಮತ್ತು ಗಡಸುಗಳ ಮುಖಾಮುಖಿಯಾಗಿ ಕಂಡಿರಬಹುದು. ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕೂದಲಿನ ಹಗ್ಗ ಕಟ್ಟುವುದನ್ನು ಕಂಡ ನಮಗೆ ಅಲ್ಲಿ ಇನ್ನೊಂದು ಪದರ ತೆರೆಯುತ್ತದೆ. ದೇವರಿಗೆ ಮುಡಿ ಕೊಟ್ಟವರ ಹರಕೆ, ಆ ಮುಡಿಯ ವ್ಯಾಪಾರ, ಡ್ರೈವರನ ಭಯ ಮೂರೂ ಒಂದೇ ಎಳೆಯಲ್ಲಿವೆ. ಕಲಾ ಇತಿಹಾಸ ಓದದವರಿಗೆ ಕಾಣದ್ದು ಎಷ್ಟಿದೆಯೋ, ನಮ್ಮೂರಿನವರಿಗೆ ಮಾತ್ರ ಕಾಣುವುದೂ ಅಷ್ಟೇ ಇದೆ ಎಂದು ನಿಮ್ಮ ಬಳಗಕ್ಕೆ ಧೈರ್ಯವಾಗಿ ಹೇಳಿ.

ಕೃತಿ ಕೃತಿಗಳ ನಡುವಿನ ಸಂಬಂಧದ ಬಗ್ಗೆ: ಕೊಚ್ಚಿಯಲ್ಲಿ ಅದನ್ನು ಕೊಡುವುದು ಬಹುಮಟ್ಟಿಗೆ ಸ್ಥಳವೇ. 2012ರಲ್ಲಿ ಕಲಾವಿದ ವಿವಾನ್ ಸುಂದರಂ ಅವರು ಕೇರಳದ ಪಟ್ಟಣಂ ಎಂಬ ಊರಿನ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳಿಂದ ‘ಬ್ಲ್ಯಾಕ್ ಗೋಲ್ಡ್’ ಎಂಬ ಕೃತಿಯನ್ನು ರಚಿಸಿದರು. ಪ್ರಾಚೀನ ಮುಝಿರಿಸ್ ಬಂದರು ಇದ್ದದ್ದು ಪಟ್ಟಣಂ ಸುತ್ತಮುತ್ತವೇ ಎಂಬುದು ಉತ್ಖನನಕಾರರ ವಾದ. ಕಪ್ಪು ಬಂಗಾರವೆಂದರೆ ಮೆಣಸು. ಆ ಚೂರುಗಳಿಗೂ ಬೆಂಗಳೂರಿನ ಒರಳುಗಳಿಗೂ ಯಾವ ಸೂತ್ರಧಾರನೂ ಗಂಟು ಹಾಕಬೇಕಾಗಿರಲಿಲ್ಲ. ಕಟ್ಟಡದ ನೆಲ, ಸಮುದ್ರದ ಕಡೆಗಿನ ಕಿಟಕಿ, ಸುಣ್ಣ ಉದುರಿದ ಗೋಡೆ ಎಲ್ಲವೂ ಆ ಕೆಲಸ ಮಾಡುತ್ತಿದ್ದವು.

ಉತ್ತರ: ಜಲವರ್ಣ

ಮೇಲಿನ ಉತ್ತರ ಬಹಳ ಚೆನ್ನಾಗಿದೆ, ಮತ್ತು ನನ್ನ ತಕರಾರು ಇರುವುದೂ ಅಲ್ಲಿಯೇ. ಸುಣ್ಣದ_ಗೋಡೆಯವರು ಒರಳುಕಲ್ಲಿನ ಕಥೆಯನ್ನು ಇಷ್ಟು ಸೊಗಸಾಗಿ ಹೇಳಿದ ಮೇಲೆ ಆ ಕಲ್ಲುಗಳನ್ನು ನೋಡುವ ಅಗತ್ಯವೇ ಉಳಿಯಲಿಲ್ಲವಲ್ಲ! ಕಥೆಯಲ್ಲೇ ಎಲ್ಲ ಮುಗಿಯುವುದಾದರೆ ಕಲಾವಿದರು ಲೇಖನವನ್ನೇ ಬರೆಯಬಹುದಿತ್ತು.

ನಾನು ಚಿತ್ರಕಲಾ ಶಿಕ್ಷಕನಾಗಿ ನಿವೃತ್ತನಾದವನು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿರುವ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್‌ಗಳ ಜಲವರ್ಣಗಳ ಮುಂದೆ ವಿದ್ಯಾರ್ಥಿಗಳನ್ನು ಕರೆದೊಯ್ದು ನಿಲ್ಲಿಸುತ್ತಿದ್ದೆ. ಮಂಜು ಬೆಟ್ಟದಿಂದ ಇಳಿಯುವುದನ್ನು ನೋಡಲು ಯಾವ ಮಗುವಿಗೂ ಗೋಡೆಯ ಮೇಲಿನ ಟಿಪ್ಪಣಿ ಬೇಕಾಗಲಿಲ್ಲ. ಒದ್ದೆ ಕಾಗದದ ಮೇಲೆ ಬಣ್ಣವನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕೆಂದು ಆ ಕೈ ಬಲ್ಲದು ಎನ್ನುವುದು ಕಣ್ಣಿಗೇ ತಿಳಿಯುತ್ತದೆ. ಇಂದಿನ ಸಾಮೂಹಿಕ ಪ್ರದರ್ಶನಗಳಲ್ಲಿ ನಾನು ಹುಡುಕಿ ಸೋಲುವುದು ಅಂಥ ಬಲ್ಲತನವನ್ನು. ಕೃತಿಗಳನ್ನು ಆಯ್ದು ಪ್ರದರ್ಶನವನ್ನು ರೂಪಿಸುವ ಕ್ಯುರೇಟರು ಒಂದು ಆಶಯವನ್ನು ಘೋಷಿಸುತ್ತಾರೆ. ಅದು ಯಾವಾಗಲೂ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವಷ್ಟು ಅಗಲವಾಗಿರುತ್ತದೆ. ನಂತರ ಕೃತಿಗಳು ಆ ಆಶಯಕ್ಕೆ ಉದಾಹರಣೆಗಳಾಗಿ ಸಾಲುಗಟ್ಟುತ್ತವೆ. ಎರಡು ಪುಟದ ಟಿಪ್ಪಣಿಯನ್ನು ತೆಗೆದುಹಾಕಿದ ಮೇಲೂ ನಿಲ್ಲುವ ಕೃತಿಗಳು ಎಷ್ಟು ಎಂದು ಬಳಗದವರು ಪರೀಕ್ಷಿಸಿ ನೋಡಲಿ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಜಲವರ್ಣದ ಮುಂದೆ ನಿಂತಾಗ ಯಾರ ಕೈಕೆಲಸವೆಂಬ ಸಂದೇಹವಿಲ್ಲ. ನೂರೆಪ್ಪತ್ತು ಒರಳನ್ನು ಕಡೆದವರು ಯಾರು? ಆ ಕಲ್ಲುಕುಟಿಗರ ಹೆಸರು ಕೃತಿಯ ಪಕ್ಕ ಅಂಟಿಸುವ ಯಾವ ಚೀಟಿಯಲ್ಲಿದೆ?

ಉತ್ತರ: ಕರಾವಳಿಯವಳು

ಜಲವರ್ಣ ಅವರ ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಅದು ನ್ಯಾಯವಾದ ಪ್ರಶ್ನೆ. ಆದರೆ ಕಥೆ ಬೇಕಾಗುವ ಕೃತಿ ಅಪೂರ್ಣವೆಂಬ ಮಾತನ್ನು ಒಪ್ಪಲಾರೆ. ರವಿವರ್ಮನ ದಮಯಂತಿಯನ್ನು ನೋಡಿ ಹಂಸ ಏನು ಹೇಳುತ್ತಿದೆಯೆಂದು ನಮಗೆ ಗೊತ್ತಾಗುವುದು ನಳನ ಕಥೆ ಮೊದಲೇ ಕಿವಿಗೆ ಬಿದ್ದಿರುವುದರಿಂದ. ಆ ಕಥೆ ಗೊತ್ತಿಲ್ಲದವರಿಗೆ ಅದು ಒಬ್ಬ ಹೆಂಗಸು ಮತ್ತು ಒಂದು ಬಿಳಿ ಹಕ್ಕಿ. ಬೇಲೂರಿನ ಭಿತ್ತಿಯನ್ನು ನೋಡುವಾಗ ನಾವು ಟಿಪ್ಪಣಿಯನ್ನು ಓದುವುದಿಲ್ಲ, ಏಕೆಂದರೆ ಆ ಟಿಪ್ಪಣಿಯನ್ನು ಅಜ್ಜಿಯರೂ ಭಾಗವತರೂ ಆಗಲೇ ನಮ್ಮ ತಲೆಯೊಳಗೆ ಬರೆದಿಟ್ಟಿದ್ದಾರೆ. ಹೊಸ ಕೃತಿಗೆ ಅಂಥ ಪೂರ್ವಸಿದ್ಧತೆಯ ಭಾಗ್ಯವಿಲ್ಲದ್ದರಿಂದ ಗೋಡೆಯ ಮೇಲೆ ನಾಲ್ಕು ಸಾಲು ಬರೆಯಬೇಕಾಗಿದೆ. ಆ ಸಾಲುಗಳು ಕೆಟ್ಟದಾಗಿರುತ್ತವೆ ಎಂಬ ದೂರಿಗೆ ಮಾತ್ರ ನನ್ನ ಸಂಪೂರ್ಣ ಸಹಮತವಿದೆ. 

ಮತ್ತೆ, ವೆಂಕಟಪ್ಪನವರ ಹೆಸರನ್ನು ಎತ್ತಿದ್ದೀರಿ. ಅಬನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಜಲವರ್ಣದಲ್ಲಿ ಅಷ್ಟು ಸಾಧಿಸಿದ ಅವರೇ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನೂ ಮಾಡಿದರು, ವೀಣೆಯನ್ನು ವ್ರತದಂತೆ ಅಭ್ಯಾಸ ಮಾಡಿದರು. ಒಂದೇ ಮಾಧ್ಯಮದಲ್ಲಿ ನೆಲೆಸಬೇಕೆಂಬ ನಿಯಮ ಅವರಿಗೂ ಇರಲಿಲ್ಲ. 2016ರಲ್ಲಿ ಅವರ ಹೆಸರಿನ ಆ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಜನೆಯ ವಿರುದ್ಧ ಬೀದಿಗೆ ಬಂದವರಲ್ಲಿ ಜಲವರ್ಣ ಬರೆಯುವವರೂ ಇದ್ದರು, ವಿಡಿಯೊ, ಪರ್ಫಾರ್ಮೆನ್ಸ್ ಮಾಡುವವರೂ ಇದ್ದರು.

ಕಣ್ಣಿಗೇ ತಿಳಿಯುವ ಬಲ್ಲತನದ ಬಗ್ಗೆ ನನ್ನ ಊರಿನ ಕಡೆಯ ಒಂದು ಉದಾಹರಣೆ ಕೊಡುತ್ತೇನೆ. ಕುಂದಾಪುರದ ಹತ್ತಿರದ ಕೋಟೇಶ್ವರದವರಾದ ಶಿಲ್ಪಿ ಎಲ್.ಎನ್. ತಲ್ಲೂರ್ ಅವರು ಅದೇ 2012ರ ಬಿನಾಲೆಯಲ್ಲಿ ಮಂಗಳೂರು ಹಂಚುಗಳಿಂದ ಒಂದು ಕೃತಿಯನ್ನು ಕಟ್ಟಿದ್ದರು. ಹಂಚುಗಳ ಮೇಲೆ ಹಠಯೋಗದ ಭಂಗಿಗಳಲ್ಲಿ ಮೈ ತಿರುಚಿಕೊಂಡ ಪುಟ್ಟ ಮಣ್ಣಿನ ಆಕೃತಿಗಳು. ‘ಬಂದೆ, ಕಂಡೆ, ಗೆದ್ದೆ’ ಎಂಬ ರೋಮನ್ ಸೇನಾನಿಯ ಪ್ರಸಿದ್ಧ ಉಕ್ತಿಯೇ ಅದರ ಶೀರ್ಷಿಕೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕೆಂಪಾದವು, ಹಂಚು ಹಡಗು ಹತ್ತಿ ದೇಶಾಂತರ ಹೋಯಿತು. ಅತ್ತ ಯೋಗವೂ ಹಾಗೆಯೇ ರಫ್ತಾಗಿ ಬೇರೆ ರೂಪದಲ್ಲಿ ಮರಳಿ ಬಂದಿತು. ಯಾರು ಬಂದರು, ಯಾರು ಗೆದ್ದರು ಎಂಬುದನ್ನು ಆ ಕೃತಿ ನಗುತ್ತಲೇ ಕೇಳುತ್ತಿತ್ತು. ಇದು ಟಿಪ್ಪಣಿಯಲ್ಲಿ ಹೇಳಿಬಿಡಬಹುದಾದ ಕಥೆಯೇ, ನಿಜ. ಆದರೆ ಹಂಚಿನ ಮೇಲ್ಮೈಯ ಒರಟುತನ, ಅದರ ಮೇಲೆ ತಲೆ ಕೆಳಗಾಗಿ ನಿಂತ ಬೆರಳುದ್ದದ ದೇಹದ ಬಿಗಿತ, ಸಾಲು ಸಾಲಾಗಿ ಹೋದ ಹಂಚಿನ ಲಯ, ಇವು ನೋಡಿದವರಿಗಷ್ಟೇ ದಕ್ಕುವಂಥವು. ಮಣ್ಣಿನ ಕೆಲಸ ಬಲ್ಲವರ ಕೈಯೇ ಅದನ್ನು ಮಾಡಿದ್ದು.

ಕೆಲವು ಕೃತಿಗಳಂತೂ ಹೇಳಿದರೆ ಏನೂ ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿಯವರು 2016ರ ಬಿನಾಲೆಯ ಕ್ಯುರೇಟರ್ ಆಗಿದ್ದಾಗ ಕವಿಗಳನ್ನೂ ಸಂಗೀತಗಾರರನ್ನೂ ನೃತ್ಯದವರನ್ನೂ ಕರೆಸಿದ್ದರು. ಚಿಲಿಯ ಕವಿ ರೌಲ್ ಸುರಿಟಾ ಅವರ ‘ಸೀ ಆಫ್ ಪೇನ್’ ಇದ್ದ ಉದ್ದನೆಯ ಉಗ್ರಾಣದಲ್ಲಿ ನೆಲದ ಮೇಲೆ ಸಮುದ್ರದ ನೀರು ನಿಂತಿತ್ತು. ಗೋಡೆಗಳ ಮೇಲೆ ಕವಿತೆಯ ಬಿಡಿ ಸಾಲುಗಳು, ತುದಿಯ ಗೋಡೆಯಲ್ಲಿ ಉಳಿದ ಕವಿತೆ. ಅದನ್ನು ಓದಬೇಕಾದರೆ ಚಪ್ಪಲಿ ಬಿಟ್ಟು, ಬಟ್ಟೆ ಮೇಲೆತ್ತಿಕೊಂಡು ನೀರಿನಲ್ಲಿ ನಡೆದೇ ಹೋಗಬೇಕು. ಟರ್ಕಿಯ ತೀರದಲ್ಲಿ ಕೊಚ್ಚಿಬಂದ ಸಿರಿಯಾದ ಮಗು ಅಲಾನ್ ಕುರ್ದಿಯ ಚಿತ್ರವನ್ನು ಜಗತ್ತೆಲ್ಲ ನೋಡಿತು. ಅದೇ ದಿನ ಮುಳುಗಿದ ಅಣ್ಣ ಗಾಲಿಪ್‌ನ ಅಂಥ ಚಿತ್ರ ಜಗತ್ತಿಗೆ ಕಾಣಲಿಲ್ಲ. ಕವಿತೆ ಅವನಿಗಾಗಿ ಬರೆದದ್ದು. ಮರಳಿ ಬರುವಾಗಲೂ ಅದೇ ನೀರಿನಲ್ಲಿ ಬರಬೇಕು, ಎದುರಿಗೆ ಇನ್ನೂ ಓದದವರು ಬರುತ್ತಿರುತ್ತಾರೆ. ಅದನ್ನು ಕವಿತೆಯೆನ್ನಬೇಕೋ ಶಿಲ್ಪವೆನ್ನಬೇಕೋ ಎಂಬ ಗೊಂದಲ ಅಲ್ಲಿ ನಿಂತವರಿಗೆ ಇದ್ದಂತೆ ಕಾಣಲಿಲ್ಲ. ಒದ್ದೆ ಕಾಗದದ ಮೇಲೆ ನೀರನ್ನು ಎಲ್ಲಿ ತಡೆಯಬೇಕೆಂದು ಬಲ್ಲವರು ಒಂದು ಕೋಣೆಯಲ್ಲಿ ಅದನ್ನು ಎಷ್ಟು ಆಳಕ್ಕೆ ನಿಲ್ಲಿಸಬೇಕೆಂಬ ಬಲ್ಲತನವನ್ನೂ ಗುರುತಿಸಬಲ್ಲರೆಂದು ನನ್ನ ನಂಬಿಕೆ.

ಪ್ರಶ್ನೆ ಕೇಳಿದವರು: ಹೇಮಾವತಿ_ತೀರ

ಮೂವರಿಗೂ ಕೃತಜ್ಞತೆಗಳು. ಜಲವರ್ಣ ಅವರು ಸೂಚಿಸಿದ ಪರೀಕ್ಷೆಯನ್ನು ಬಳಗದಲ್ಲಿ ಕೆಲವರು ಈಗಾಗಲೇ ಇಷ್ಟಪಟ್ಟಿದ್ದಾರೆ. ಮೊದಲು ಕೃತಿ, ಆಮೇಲೆ ಟಿಪ್ಪಣಿ, ಮತ್ತೆ ಕೃತಿ ಎಂಬ ಕ್ರಮವನ್ನು ಅನುಸರಿಸೋಣವೆಂದುಕೊಂಡಿದ್ದೇವೆ. ಇನ್ನು ವ್ಯವಹಾರದ ಸಂದೇಹಗಳು ಉಳಿದಿವೆ. ವಿಡಿಯೊ ಕೃತಿಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಲೇಬೇಕೇ? ಬಳಗದ ಹಿರಿಯರಿಗೆ ಇಂಗ್ಲಿಷ್ ಓದುವುದು ಕಷ್ಟ, ಮಲಯಾಳ ಬಾರದು; ಅವರಿಗೆ ಏನು ಮಾಡುವುದು? ಒಂದು ದಿನ ಸಾಲುತ್ತದೆಯೇ?

ಉತ್ತರ: ಸುಣ್ಣದ_ಗೋಡೆ

ಒಂದು ದಿನ ಸಾಲದು. ಎರಡು ದಿನದಲ್ಲೂ ಎಲ್ಲವನ್ನೂ ನೋಡಲಾಗದು, ನೋಡಬೇಕಾಗಿಯೂ ಇಲ್ಲ. ಪ್ರದರ್ಶನ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳ ಹಲವು ಕಟ್ಟಡಗಳಲ್ಲಿ ಹರಡಿರುತ್ತದೆ ಮತ್ತು ಸ್ಥಳಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಆದ್ದರಿಂದ ಹೊರಡುವ ಮುನ್ನ ಆ ವರ್ಷದ ನಕ್ಷೆಯನ್ನು ನೋಡಿಕೊಳ್ಳಿ. ಡಿಸೆಂಬರ್ 12 ಆರಂಭದ ದಿನವೆಂಬ ರೂಢಿಯಿದ್ದರೂ ಮೊದಲ ವಾರವನ್ನು ಬಿಟ್ಟು ಹೋಗುವುದು ಒಳ್ಳೆಯದು. 2022ರಲ್ಲಿ ಮುಖ್ಯ ಪ್ರದರ್ಶನ ಹನ್ನೊಂದು ದಿನ ತಡವಾಗಿ, 23ರಂದು ತೆರೆಯಿತು. ಹಳೆಯ ಉಗ್ರಾಣಗಳಲ್ಲಿ ಕಾಗದ, ಪ್ರೊಜೆಕ್ಟರ್, ಧ್ವನಿವರ್ಧಕಗಳನ್ನು ಸಮುದ್ರದ ತೇವದಿಂದ ಕಾಪಾಡಿ ನಿಲ್ಲಿಸುವುದು ಹೊರಗಿನಿಂದ ತೋರುವಷ್ಟು ಸುಲಭವಲ್ಲ.

ವಿಡಿಯೊಗಳ ವಿಷಯದಲ್ಲಿ, ಬಾಗಿಲ ಬಳಿಯ ಚೀಟಿಯಲ್ಲಿ ಅವಧಿಯನ್ನು ಬರೆದಿರುತ್ತಾರೆ. ಹತ್ತು ನಿಮಿಷದೊಳಗಿನದಾದರೆ ಪೂರ್ತಿ ಕೂತು ನೋಡಿ. ಗಂಟೆಗಟ್ಟಲೆಯದಾದರೆ ಅದು ಸಾಮಾನ್ಯವಾಗಿ ನಡುವೆ ಹೊಕ್ಕು ನಡುವೆ ಎದ್ದು ಹೋಗಲೆಂದೇ ಮಾಡಿದ್ದು. ಕೋಣೆಯ ಪರದೆಯನ್ನು ಎತ್ತಿದ ಕೂಡಲೇ ಏನೂ ಕಾಣುತ್ತಿಲ್ಲವೆಂದು ತಿರುಗಿ ಬರಬೇಡಿ, ಕಣ್ಣು ಕತ್ತಲಿಗೆ ಹೊಂದಲು ಬಿಡಿ. ಒಂದು ಕೋಣೆಯ ಶಬ್ದ ಇನ್ನೊಂದಕ್ಕೆ ಸೋರುವುದು ಇಂಥ ಪ್ರದರ್ಶನಗಳ ನಿತ್ಯದ ರೋಗ. ಕೆಲವೊಮ್ಮೆ ಅದು ನಮ್ಮ ಸೋಲು, ಕೆಲವೊಮ್ಮೆ ಉದ್ದೇಶಪೂರ್ವಕ. 2014ರಲ್ಲಿ ಅನೀಶ್ ಕಪೂರರ ‘ಡಿಸೆನ್ಶನ್’ ನೋಡುವಾಗ ಕೋಣೆಯ ನೆಲದಲ್ಲಿ ನಿಲ್ಲದೆ ಸುತ್ತುತ್ತ ಒಳಕ್ಕೆ ಸೆಳೆಯುವ ಆ ನೀರಿನ ಸುಳಿಯ ಮೊರೆತವೂ ಕೃತಿಯ ಭಾಗವೇ ಆಗಿತ್ತು. ಭಾಷೆಯ ತೊಡಕಿಗೆ ಪರಿಹಾರವೆಂದರೆ ಪ್ರೇಕ್ಷಕರಿಗೆ ಕೃತಿಗಳನ್ನು ಪರಿಚಯಿಸುವ ಅಲ್ಲಿನ ಆರ್ಟ್ ಮೀಡಿಯೇಟರುಗಳು. ಹೆಚ್ಚಿನವರು ಎಳೆಯರು, ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ. ನಿಮ್ಮಲ್ಲೊಬ್ಬರು ಅದನ್ನು ಕನ್ನಡದಲ್ಲಿ ಹಿರಿಯರಿಗೆ ದಾಟಿಸಬಹುದು. ಸಾಧ್ಯವಾದರೆ ಮೊದಲು ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನವನ್ನು ನೋಡಿಕೊಂಡು ಹೋಗಿ. ಅಲ್ಲಿ ಕೃತಿಯ ಪಕ್ಕದಲ್ಲೇ ಅದನ್ನು ಮಾಡಿದವರು ನಿಂತಿರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ಟಿಪ್ಪಣಿಯ ಹಂಗಿಲ್ಲ.

ಜಲವರ್ಣ ಅವರ ಕಲ್ಲುಕುಟಿಗರ ಪ್ರಶ್ನೆ ನನ್ನನ್ನು ಸುಮ್ಮನೆ ಬಿಟ್ಟಿಲ್ಲ. ಪೂರ್ಣ ಉತ್ತರವಲ್ಲದಿದ್ದರೂ ಒಂದು ಸಂಗತಿ ಹೇಳುತ್ತೇನೆ. 2014ರಲ್ಲಿ ಬಿನಾಲೆಯ ಇನ್ನೊಂದು ಸ್ಥಳವಾದ ಪೆಪ್ಪರ್ ಹೌಸ್‌ನ ಅಂಗಳದಲ್ಲಿ ಕಲಾವಿದ ಜಿಜಿ ಸ್ಕಾರಿಯಾ ಅವರ ಉಕ್ಕಿನ ದೊಡ್ಡ ಗಂಟೆಯೊಂದು ಇತ್ತು, ಅದರ ಮೈಯ ತೂತುಗಳಿಂದ ನೀರು ಚಿಮ್ಮುತ್ತಿತ್ತು. ಅದನ್ನು ಎತ್ತಿ ನಿಲ್ಲಿಸಿದವರು ಮಲಬಾರಿನ ಮಾಪಿಳ್ಳ ಖಲಾಸಿಗಳು: ಹಗ್ಗ, ರಾಟೆ, ಮರದ ದಿಮ್ಮಿಗಳಿಂದಲೇ ಉರುಗಳೆಂಬ ಮರದ ಹಡಗುಗಳನ್ನು ನೀರಿಗಿಳಿಸುತ್ತ ಬಂದ ಪರಂಪರೆಯವರು. ಹಾಡಿನ ತಾಳಕ್ಕೆ ಹಗ್ಗ ಎಳೆಯುವ ಅವರ ಕೆಲಸವೇ ಜನ ಸೇರಿ ನೋಡುವಂಥದ್ದಾಗಿತ್ತು, ಪತ್ರಿಕೆಗಳೂ ಅದನ್ನು ಬರೆದವು. ಆದರೆ ಪತ್ರಿಕೆಯಲ್ಲಿ ‘ಖಲಾಸಿಗಳು’ ಎಂದು ಬರುವುದಕ್ಕೂ ಚೀಟಿಯಲ್ಲಿ ಒಬ್ಬೊಬ್ಬರ ಹೆಸರು ಇರುವುದಕ್ಕೂ ಅಂತರವಿದೆ ಎಂದು ಅವರು ಹೇಳಿದರೆ ನಾನು ವಾದಿಸುವುದಿಲ್ಲ. ನನ್ನ ಹೆಸರೂ ಬಹುಪಾಲು ಚೀಟಿಗಳಲ್ಲಿ ಇಲ್ಲ.

ಉತ್ತರ: ಜಲವರ್ಣ

ಕರಾವಳಿಯವಳು ಅವರ ನೀರಿನ ಕೋಣೆಯ ವಿವರಣೆಗೆ ತಲೆಬಾಗುತ್ತೇನೆ. ರವಿವರ್ಮನ ಹಂಸದ ವಿಷಯದಲ್ಲಿ ಮಾತ್ರ ಒಪ್ಪಿಗೆಯಿಲ್ಲ. ಕಥೆ ಗೊತ್ತಿಲ್ಲದವನೂ ಆ ಸೀರೆಯ ನೆರಿಗೆಯ ಮುಂದೆ ನಿಲ್ಲುತ್ತಾನೆ. ಈ ವಾದವನ್ನು ಬೇರೆ ಎಳೆಯಲ್ಲಿ ಮುಂದುವರಿಸೋಣ.

ಹೇಮಾವತಿ_ತೀರ ಅವರಲ್ಲಿ ಒಂದು ಕೋರಿಕೆ. ಬಳಗದವರು ಕೊಚ್ಚಿಯಲ್ಲಿ ಕೃತಿಗಳ ಚೀಟಿಗಳನ್ನು ಓದುವಾಗ ಮಾಧ್ಯಮ, ಅಳತೆ, ವರ್ಷಗಳ ಕೆಳಗೆ ಮಾಡಲು ನೆರವಾದ ಕೆಲಸಗಾರರ ಹೆಸರುಗಳನ್ನು ಎಷ್ಟು ಕಡೆ ಬರೆದಿದ್ದಾರೆಂದು ಗುರುತು ಹಾಕಿಕೊಂಡು ಬಂದು ಇಲ್ಲಿ ತಿಳಿಸಿ.